ಬಾಗಿಲು ಮುಚ್ಚಿದ ನವೆಂಬರ್

1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಮಾಗಡಿ ಬಳಿಯ ಸಾವನದುರ್ಗಕ್ಕೆ ಮುತ್ತಿಗೆ ಹಾಕಿದಾಗ ಟಿಪ್ಪು ಸುಲ್ತಾನ ಗಾಬರಿಯಾಗಲಿಲ್ಲವಂತೆ. ಕರಿಗುಡ್ಡ, ಬಿಳಿಗುಡ್ಡಗಳ ಸುತ್ತ ಒತ್ತಾಗಿ ಬೆಳೆದ ಕಾಡು, ಆ ಕಾಡಿನ ತುಂಬ ಜ್ವರ. ಬಂದ ಇಂಗ್ಲಿಷರಲ್ಲಿ ಅರ್ಧದಷ್ಟು ಮಂದಿ ಕಾಯಿಲೆ ಬಿದ್ದೇ ಸಾಯುತ್ತಾರೆ, ಮಿಕ್ಕವರು ಲಗ್ಗೆ ಹತ್ತುವಾಗ ಸಾಯುತ್ತಾರೆ ಎಂದು ಅವನು ಲೆಕ್ಕ ಹಾಕಿದ್ದನೆಂದು ಮೈಸೂರಿನ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ ದಾಖಲಿಸಿದ್ದಾನೆ. ಲೆಕ್ಕ ತಪ್ಪಿತು, ಅದೇ ತಿಂಗಳ 21ರಂದು ಕೋಟೆ ಬಿತ್ತು. ಕಾಯಿಲೆಯನ್ನು ತನ್ನ ಕಡೆಯ ಸಿಪಾಯಿಯಂತೆ ಎಣಿಸಿಕೊಳ್ಳುವುದು ಯುದ್ಧದಲ್ಲಿ ಹಳೆಯ ಪದ್ಧತಿ, ಅದನ್ನು ಯಾರೂ ಆಕ್ಷೇಪಿಸಿದಂತಿಲ್ಲ. ಆದರೆ ವೈದ್ಯರು ಮುಷ್ಕರ ಹೂಡಿದಾಗಲೂ ಇದೇ ಲೆಕ್ಕ ಒಳಗೊಳಗೇ ಕೆಲಸ ಮಾಡುತ್ತದೆ. ಗಿರಣಿ ಕಾರ್ಮಿಕ ಕೆಲಸ ನಿಲ್ಲಿಸಿದರೆ ಮಾಲೀಕನ ಲಾಭ ನಿಲ್ಲುತ್ತದೆ, ಅವನ ಮುಷ್ಕರಕ್ಕೆ ಬಲ ಬರುವುದು ಅಲ್ಲಿಂದ. ವೈದ್ಯ ಕೆಲಸ ನಿಲ್ಲಿಸಿದರೆ ಸರ್ಕಾರದ ಮೇಲೆ ಒತ್ತಡ ಬೀಳುವುದು ರೋಗಿಯ ನೋವಿನ ಮೂಲಕ. ಜಗಳ ಇಬ್ಬರದು, ಪೆಟ್ಟು ತಿನ್ನುವವನು ಮೂರನೆಯವನು.

ಹಾಗೆಂದು ವೈದ್ಯರು ಮುಷ್ಕರ ಮಾಡಲೇಬಾರದು ಎಂಬ ತೀರ್ಮಾನಕ್ಕೆ ನಾನು ಬರುವುದಿಲ್ಲ. ನನ್ನ ವಾದ ಬೇರೆ. ವೈದ್ಯರ ಯಾವುದೇ ಮುಷ್ಕರದ ನ್ಯಾಯಾನ್ಯಾಯವನ್ನು ಅವರ ಬೇಡಿಕೆ ಸರಿಯೋ ತಪ್ಪೋ ಎಂಬುದರಿಂದಷ್ಟೇ ಅಳೆಯಲಾಗದು. ಹೊಡೆತ ಯಾರ ಮೇಲೆ ಬೀಳುತ್ತದೆ, ಹಾಗೆ ಹೊಡೆತ ತಿಂದವನಿಗೆ ಬೇರೆ ಬಾಗಿಲು ಇದೆಯೇ, ಮುಷ್ಕರ ಹೂಡಿದವರಿಗೆ ಬೇರೆ ದಾರಿ ಇತ್ತೇ ಎಂಬ ಮೂರು ವಿಷಯ ನೋಡಬೇಕು. ಈ ಅಳತೆಗೋಲಿಗೆ ಹಿಡಿದು ನೋಡಲು ಕರ್ನಾಟಕದ ಇತ್ತೀಚಿನ ಚರಿತ್ರೆಯಲ್ಲಿ ಒಂದು ದೊಡ್ಡ ಪ್ರಸಂಗವಿದೆ. ಅದು 2017ರ ನವೆಂಬರಿನಲ್ಲಿ ರಾಜ್ಯದ ಖಾಸಗಿ ವೈದ್ಯರು ನಡೆಸಿದ ಮುಷ್ಕರ.

ಅದರ ಬೇರು ಹತ್ತು ವರ್ಷ ಹಿಂದಿತ್ತು. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಬಂದದ್ದು 2007ರಲ್ಲಿ. ಖಾಸಗಿ ಆಸ್ಪತ್ರೆಗಳು ನೋಂದಣಿ ಮಾಡಿಸಬೇಕು, ದರಪಟ್ಟಿ ತೂಗುಹಾಕಬೇಕು ಎಂದೆಲ್ಲ ಕಾಯ್ದೆಯಲ್ಲಿದ್ದರೂ ದೂರು ಕೊಟ್ಟ ರೋಗಿಗೆ ನ್ಯಾಯ ಕೊಡಿಸುವ ಹಲ್ಲು ಅದಕ್ಕಿರಲಿಲ್ಲ. ಈ ನಡುವೆ ಕಲಬುರಗಿ ಜಿಲ್ಲೆಯಲ್ಲಿ ಲಂಬಾಣಿ ಮತ್ತು ದಲಿತ ಹೆಣ್ಣುಮಕ್ಕಳ ಗರ್ಭಕೋಶಗಳನ್ನು ಅನಗತ್ಯವಾಗಿ ತೆಗೆದ ಪ್ರಕರಣ ಹೊರಬಂತು. ಹೊಟ್ಟೆನೋವು, ಬಿಳಿಸೆರಗು ಎಂದು ಹೋದವರನ್ನು ಕ್ಯಾನ್ಸರ್ ಹೆಸರಿನಲ್ಲಿ ಹೆದರಿಸಿ ಶಸ್ತ್ರಚಿಕಿತ್ಸೆಗೆ ಒಪ್ಪಿಸಲಾಗಿತ್ತು. ಕರ್ನಾಟಕ ಜನಾರೋಗ್ಯ ಚಳವಳಿಯಂಥ ಸಂಘಟನೆಗಳು ವರ್ಷಗಟ್ಟಲೆ ಬೆನ್ನು ಹತ್ತಿದ ಮೇಲೆ, ಕಾಯ್ದೆಯನ್ನು ಬಿಗಿಗೊಳಿಸಬೇಕೆಂಬ ಮಾತಿಗೆ ತೂಕ ಬಂತು. ಸಿದ್ದರಾಮಯ್ಯನವರ ಸರ್ಕಾರ ನಿವೃತ್ತ ನ್ಯಾಯಮೂರ್ತಿ ವಿಕ್ರಮಜಿತ್ ಸೇನ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ರಚಿಸಿತು. ಸಮಿತಿ 2017ರ ಏಪ್ರಿಲಿನಲ್ಲಿ ವರದಿ ಕೊಟ್ಟಿತು, ಜೂನಿನಲ್ಲಿ ಆರೋಗ್ಯ ಸಚಿವ ಕೆ.ಆರ್. ರಮೇಶ್ ಕುಮಾರ್ ತಿದ್ದುಪಡಿ ಮಸೂದೆ ಮಂಡಿಸಿದರು, ಅದು ಜಂಟಿ ಪರಿಶೀಲನಾ ಸಮಿತಿಗೆ ಹೋಯಿತು.

ಮಸೂದೆಯ ಮೂಲ ರೂಪ ಕಠಿಣವಾಗಿತ್ತು. ಚಿಕಿತ್ಸೆಯ ದರವನ್ನು ಸರ್ಕಾರ ನಿಗದಿ ಮಾಡುವ ಅಧಿಕಾರ, ಜಿಲ್ಲೆಗೊಂದು ಕುಂದುಕೊರತೆ ಸಮಿತಿ, ಉಲ್ಲಂಘನೆಗೆ ಮೂರು ವರ್ಷದವರೆಗೆ ಜೈಲು, ಐದು ಲಕ್ಷ ರೂಪಾಯಿವರೆಗೆ ದಂಡ. ತುರ್ತು ಸ್ಥಿತಿಯಲ್ಲಿ ಬಂದವರ ಹತ್ತಿರ ಮುಂಗಡ ಕೇಳುವಂತಿಲ್ಲ, ಬಿಲ್ ಬಾಕಿ ಇದೆಯೆಂದು ಹೆಣ ಹಿಡಿದಿಟ್ಟುಕೊಳ್ಳುವಂತಿಲ್ಲ. ಕೊನೆಯ ಎರಡನ್ನು ಯಾವ ವೈದ್ಯನೂ ಬಹಿರಂಗವಾಗಿ ವಿರೋಧಿಸಲಾರ. ಮೊದಲಿನವುಗಳ ಬಗ್ಗೆ ವೈದ್ಯರ ಆತಂಕ ಸುಳ್ಳಾಗಿರಲಿಲ್ಲ. ಅದರಲ್ಲೂ ತಾಲ್ಲೂಕು ಕೇಂದ್ರಗಳಲ್ಲಿ ಗಂಡ ಹೆಂಡತಿ ಇಬ್ಬರೂ ವೈದ್ಯರಾಗಿ, ಮಹಡಿಯ ಮೇಲೆ ಮನೆ, ಕೆಳಗೆ ಹತ್ತಿಪ್ಪತ್ತು ಹಾಸಿಗೆಯ ನರ್ಸಿಂಗ್ ಹೋಂ ನಡೆಸುವವರಿಗೆ ಜೈಲಿನ ಮಾತು ನಿಜವಾಗಿಯೂ ಹೆದರಿಕೆ ಹುಟ್ಟಿಸಿತು. ಹೆರಿಗೆಯಲ್ಲಿ ರಕ್ತಸ್ರಾವವಾಗಿ ತಾಯಿ ತೀರಿಕೊಂಡರೆ ಬಾಗಿಲಿಗೆ ಬರುವ ಗುಂಪನ್ನು ಎದುರಿಸುವವರು ಇವರೇ ಹೊರತು ಬೆಂಗಳೂರಿನ ಕಾರ್ಪೊರೇಟ್ ಆಸ್ಪತ್ರೆಯ ಆಡಳಿತ ಮಂಡಳಿಯವರಲ್ಲ. ಇನ್ನೊಂದು ತಕರಾರು ಇದಕ್ಕಿಂತ ಗಟ್ಟಿಯಾಗಿತ್ತು. ಸರ್ಕಾರಿ ಆಸ್ಪತ್ರೆಗಳನ್ನೂ ಕಾಯ್ದೆಯ ವ್ಯಾಪ್ತಿಗೆ ತನ್ನಿ ಎಂದು ಸೇನ್ ಸಮಿತಿಯೇ ಹೇಳಿತ್ತು, ಸರ್ಕಾರ ಅದನ್ನು ಕೈಬಿಟ್ಟಿತು. ನಮ್ಮ ತಪ್ಪಿಗೆ ಜೈಲು, ನಿಮ್ಮ ತಪ್ಪಿಗೆ ಏನು ಎಂದು ವೈದ್ಯರು ಕೇಳಿದ್ದರಲ್ಲಿ ತಪ್ಪಿಲ್ಲ. ಇದಕ್ಕೆ ಸರ್ಕಾರ ಸರಿಯಾದ ಉತ್ತರ ಕೊಡಲಿಲ್ಲ ಎಂದೇ ನನ್ನ ಅಭಿಪ್ರಾಯ.

ನವೆಂಬರ್ 3ರಂದು ಒಂದು ದಿನದ ಬಂದ್ ಆಯಿತು. 13ಕ್ಕೆ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ಶುರು. ಭಾರತೀಯ ವೈದ್ಯಕೀಯ ಸಂಘದ ರಾಜ್ಯ ಘಟಕ ಅಲ್ಲಿಗೇ ಹೊರಟಿತು, ಅಧ್ಯಕ್ಷ ಡಾ. ಎಚ್.ಎನ್. ರವೀಂದ್ರ ಉಪವಾಸ ಕುಳಿತರು. ಜಿಲ್ಲೆ ಜಿಲ್ಲೆಗಳಲ್ಲಿ ಖಾಸಗಿ ಆಸ್ಪತ್ರೆಗಳ ಹೊರರೋಗಿ ವಿಭಾಗಗಳು ಮುಚ್ಚಿದವು, 16ರ ಹೊತ್ತಿಗೆ ಬೆಂಗಳೂರಿನ ದೊಡ್ಡ ಆಸ್ಪತ್ರೆಗಳೂ ಸೇರಿಕೊಂಡವು. ಸರ್ಕಾರ ತನ್ನ ವೈದ್ಯರ ರಜೆ ರದ್ದು ಮಾಡಿತು. ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿಗಳು ಬಂದವು. ಹಂಗಾಮಿ ಮುಖ್ಯ ನ್ಯಾಯಮೂರ್ತಿ ಎಚ್.ಜಿ. ರಮೇಶ್ ಅವರ ಪೀಠ, ಕೆಲಸಕ್ಕೆ ಮರಳಿ ಎಂದು ವೈದ್ಯರಿಗೆ ಹೇಳಿತು. 17ರಂದು ಮುಖ್ಯಮಂತ್ರಿಗಳ ಜತೆ ಮಾತುಕತೆಯಾಗಿ ಮುಷ್ಕರ ನಿಂತಿತು. ಮುಂದಿನ ವಾರ ಮಸೂದೆ ಅಂಗೀಕಾರವಾಯಿತು, ಆದರೆ ಬಹಳ ಸಡಿಲಗೊಂಡು. ದರ ನಿಗದಿ ಸರ್ಕಾರಿ ಯೋಜನೆಗಳಡಿ ಬರುವ ರೋಗಿಗಳಿಗೆ ಸೀಮಿತವಾಯಿತು. ಹೆಚ್ಚು ದರ ವಸೂಲಿಗೆ ಇದ್ದ ಜೈಲು ಶಿಕ್ಷೆ ಹೋಯಿತು. ವೈದ್ಯಕೀಯ ನಿರ್ಲಕ್ಷ್ಯದ ದೂರುಗಳು ವೈದ್ಯಕೀಯ ಪರಿಷತ್ತಿನ ಪಾಲಿಗೆ ಹೋದವು. ಮುಷ್ಕರ ಗೆದ್ದಿತು ಎಂದು ಯಾರಾದರೂ ಹೇಳಿದರೆ ಅಲ್ಲಗಳೆಯುವುದು ಕಷ್ಟ.

ಆ ದಿನಗಳಲ್ಲಿ ಚಿಕಿತ್ಸೆ ಸಿಗದೆ ಜನ ಸತ್ತರೆಂದು ಪತ್ರಿಕೆಗಳು ದಿನವೂ ಬರೆದವು. ಯಾವ ಸಾವು ಮುಷ್ಕರದಿಂದ, ಯಾವುದು ರೋಗದಿಂದ ಎಂದು ಬಿಡಿಸಿ ಹೇಳುವುದು ಸುಲಭವಲ್ಲ, ಹಾಗಾಗಿ ನನ್ನ ವಾದವನ್ನು ಹೆಣಗಳ ಎಣಿಕೆಯ ಮೇಲೆ ನಿಲ್ಲಿಸುವುದಿಲ್ಲ. ತುರ್ತು ಚಿಕಿತ್ಸೆ ನಿಲ್ಲಿಸಿಲ್ಲ ಎಂದು ವೈದ್ಯರ ಸಂಘಟನೆಗಳು ಹೇಳಿದವು. ಆದರೆ ತುರ್ತು ಎಂದರೆ ಯಾವುದು? ಮಾಗಡಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಎದೆ ಹಿಡಿದುಕೊಂಡಂತಾಗಿ ಬೆವರುತ್ತಿರುವ ಅರವತ್ತರ ರೈತ ತನ್ನದು ಗ್ಯಾಸ್ಟ್ರಿಕ್ಕೋ ಹೃದಯಾಘಾತವೋ ತಾನೇ ತೀರ್ಮಾನಿಸಿಕೊಂಡು ಹೊರಡುವುದಿಲ್ಲ. ಅದನ್ನು ಹೇಳಬೇಕಾದವನು ಒಪಿಡಿಯಲ್ಲಿ ಕುಳಿತ ವೈದ್ಯ, ಹೇಳುವುದಕ್ಕೆ ಬೇಕಾದ್ದು ಒಂದು ಇಸಿಜಿ. ಒಪಿಡಿಯ ಬಾಗಿಲಿಗೆ ಬೀಗ ಬಿದ್ದ ದಿನ ಅವನು ಮನೆಯಲ್ಲೇ ಸೋಡಾ ಕುಡಿದು ಮಲಗುತ್ತಾನೆ. ತುರ್ತು ಯಾವುದು, ಅಲ್ಲದ್ದು ಯಾವುದು ಎಂದು ಜರಡಿ ಹಿಡಿಯುವ ಜಾಗವೇ ಹೊರರೋಗಿ ವಿಭಾಗ. ಜರಡಿಯನ್ನು ಎತ್ತಿಟ್ಟು, ಕಾಳನ್ನು ಮಾತ್ರ ತನ್ನಿ ಎಂದರೆ ತರುವುದು ಹೇಗೆ?

ಸಾವನದುರ್ಗದ ಸುತ್ತಿನ ಊರುಗಳನ್ನೇ ತೆಗೆದುಕೊಂಡು ಯೋಚಿಸಬೇಕು. ರಾಮನಗರದಲ್ಲಿ ರೇಷ್ಮೆ ಗೂಡಿನ ದೊಡ್ಡ ಮಾರುಕಟ್ಟೆ ಇದೆ, ಅದರ ಸುತ್ತ ನೂಲು ಬಿಚ್ಚುವವರ ಮನೆಗಳಿವೆ. ಕುದಿನೀರಿನ ಬೇಸಿನ್ ಮುಂದೆ ಕುಳಿತು, ಬೆಂದ ಗೂಡಿನಿಂದ ಎಳೆ ಹುಡುಕಿ ಎತ್ತುವ ಹೆಂಗಸಿನ ಬೆರಳ ತುದಿ ಸದಾ ನೆನೆದು ಬಿಳುಚಿ ಸುಲಿದಿರುತ್ತದೆ. ಹುಳದ ವಾಸನೆ, ಹಬೆ, ಒಲೆಯ ಹೊಗೆ ಮೂರೂ ಸೇರಿದ ಗಾಳಿಯನ್ನು ದಿನವಿಡೀ ಉಸಿರಾಡಿದವರಿಗೆ ಉಬ್ಬಸ ಹತ್ತುವುದು ಈ ಕಸುಬಿನ ಗೊತ್ತಿರುವ ಕಾಯಿಲೆ. ಕನಕಪುರದ ಕಡೆ ಕಲ್ಲು ಕ್ವಾರಿಗಳಲ್ಲಿ ದೂಳು ಕುಡಿಯುವವರಿದ್ದಾರೆ. ಇವರದೆಲ್ಲ ದಿನಗೂಲಿ. ಬಂದ ದಿನ ವೈದ್ಯರಿಲ್ಲ ಎಂದರೆ ಒಂದು ದಿನದ ಕೂಲಿ, ಬಸ್ಸಿನ ಚಾರ್ಜು ಎರಡೂ ಹೋಯಿತು, ನಾಳೆ ಮತ್ತೆ ಬರುತ್ತಾರೆಂಬ ಭರವಸೆಯಿಲ್ಲ. ಮೂತ್ರಪಿಂಡ ಕೆಟ್ಟವರದು ಇನ್ನೂ ಬಿಗಿ ಪರಿಸ್ಥಿತಿ. ವಾರಕ್ಕೆ ಎರಡೋ ಮೂರೋ ಸಲ, ಸಲಕ್ಕೆ ನಾಲ್ಕು ಗಂಟೆ ಯಂತ್ರಕ್ಕೆ ರಕ್ತ ಕೊಟ್ಟು ಶುದ್ಧ ಮಾಡಿಸಿಕೊಳ್ಳಬೇಕು. ಒಂದು ಸರದಿ ತಪ್ಪಿದರೆ ಕಾಲು ಊದುತ್ತದೆ, ಉಸಿರು ಕಟ್ಟುತ್ತದೆ, ಪೊಟ್ಯಾಸಿಯಂ ಏರಿ ಹೃದಯದ ಬಡಿತ ತಾಳ ತಪ್ಪಬಹುದು. ಇಂಥವರ ಪಾಲಿಗೆ ಮುಷ್ಕರ ಎಷ್ಟು ದಿನ ಎಂಬುದು ಪ್ರಾಣದ ಪ್ರಶ್ನೆ. ಹಣವಿದ್ದವರು ಹೇಗೋ ಪರಿಚಯದ ವೈದ್ಯರಿಗೆ ಫೋನ್ ಮಾಡಿ ಹಿಂಬಾಗಿಲಿನಿಂದ ತೋರಿಸಿಕೊಳ್ಳುತ್ತಾರೆ. ಮುಷ್ಕರದ ಭಾರ ಎಲ್ಲರ ಮೇಲೆ ಸಮನಾಗಿ ಬೀಳುವುದಿಲ್ಲ ಎಂಬ ಈ ಸಂಗತಿಯೇ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯ.

ಇದಕ್ಕೆ ಎದುರಾಗಿ ಒಂದು ಬಲವಾದ ಸಾಕ್ಷ್ಯವಿದೆ, ಅದನ್ನು ಮುಚ್ಚಿಡಬಾರದು. 1976ರಿಂದ 2003ರವರೆಗೆ ಜಗತ್ತಿನ ಬೇರೆಬೇರೆ ಕಡೆ ನಡೆದ ಐದು ವೈದ್ಯ ಮುಷ್ಕರಗಳ ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ ಸಮೀಕ್ಷೆಯೊಂದು 2008ರಲ್ಲಿ ಪ್ರಕಟವಾಯಿತು. ಮುಷ್ಕರದ ಕಾಲದಲ್ಲಿ ಸಾವಿನ ಪ್ರಮಾಣ ಅಷ್ಟೇ ಇತ್ತು ಅಥವಾ ಕಡಿಮೆಯಾಗಿತ್ತು, ಎಲ್ಲಿಯೂ ಏರಿರಲಿಲ್ಲ. ವೈದ್ಯರು ಕೆಲಸ ನಿಲ್ಲಿಸಿದರೆ ಜನ ಸಾಯುತ್ತಾರೆ ಎಂಬುದು ಹೆದರಿಕೆಯ ಮಾತಷ್ಟೇ ಎನ್ನುವವರು ಇದನ್ನು ಮುಂದಿಡುತ್ತಾರೆ. ಆದರೆ ಅದೇ ಸಮೀಕ್ಷೆ ಕೊಡುವ ಕಾರಣಗಳನ್ನು ಓದಬೇಕು. ಮುಂದೂಡಬಹುದಾದ ಶಸ್ತ್ರಚಿಕಿತ್ಸೆಗಳು ನಿಂತಿದ್ದರಿಂದ ಅವುಗಳ ಅಪಾಯವೂ ನಿಂತಿತ್ತು. ತುರ್ತು ವಿಭಾಗಗಳು ತೆರೆದೇ ಇದ್ದವು, ಇದ್ದ ವೈದ್ಯರನ್ನೆಲ್ಲ ಅಲ್ಲಿಗೆ ಹಾಕಲಾಗಿತ್ತು. ಲಾಸ್ ಏಂಜಲೀಸ್, ಜೆರುಸಲೇಂನಂಥ ನಗರಗಳಲ್ಲಿ ಒಂದು ಆಸ್ಪತ್ರೆ ಮುಚ್ಚಿದರೆ ಹತ್ತಿರದಲ್ಲೇ ಇನ್ನೊಂದಿರುತ್ತದೆ. ನ್ಯೂಯಾರ್ಕ್ ರಾಜ್ಯದಲ್ಲಿ 1984ರಿಂದ 2004ರವರೆಗೆ ನರ್ಸುಗಳು ನಡೆಸಿದ ಮುಷ್ಕರಗಳನ್ನು ಪರಿಶೀಲಿಸಿದ ಗ್ರೂಬರ್ ಮತ್ತು ಕ್ಲೀನರ್ ಎಂಬ ಅರ್ಥಶಾಸ್ತ್ರಜ್ಞರಿಗೆ ಬೇರೆಯದೇ ಕಂಡಿತು: ಮುಷ್ಕರದ ಹೊತ್ತಿನಲ್ಲಿ ದಾಖಲಾದ ರೋಗಿಗಳಲ್ಲಿ ಆಸ್ಪತ್ರೆಯೊಳಗಿನ ಸಾವು ಶೇ 18ಕ್ಕೂ ಹೆಚ್ಚು ಏರಿತ್ತು. ಹಾಸಿಗೆಯ ಪಕ್ಕ ರಾತ್ರಿಯಿಡೀ ಇರುವವರು ಎದ್ದುಹೋದರೆ ಏನಾಗುತ್ತದೆ ಎಂಬುದಕ್ಕೆ ಇದು ಉತ್ತರ. ಎರಡು ಅಧ್ಯಯನಗಳನ್ನೂ ಕೂಡಿಸಿ ಓದಿದರೆ ತಿಳಿಯುವುದೇನೆಂದರೆ, ಮುಷ್ಕರ ಕೊಲ್ಲುತ್ತದೆಯೋ ಇಲ್ಲವೋ ಎಂಬುದು ಹಿಂದೆ ಉಳಿದ ವ್ಯವಸ್ಥೆ ಎಷ್ಟು ಗಟ್ಟಿ ಎಂಬುದನ್ನು ಅವಲಂಬಿಸಿದೆ.

ನಮ್ಮಲ್ಲಿ ಆ ಹಿಂದಿನ ವ್ಯವಸ್ಥೆ ಯಾವುದು? ರಾಷ್ಟ್ರೀಯ ಮಾದರಿ ಸಮೀಕ್ಷೆಯ 2017–18ರ ಸುತ್ತಿನ ಪ್ರಕಾರ, ದೇಶದಲ್ಲಿ ಆಸ್ಪತ್ರೆಗೆ ದಾಖಲಾಗದೆ ಚಿಕಿತ್ಸೆ ಪಡೆದ ಪ್ರಕರಣಗಳಲ್ಲಿ ಸುಮಾರು ಶೇ 30 ಮಾತ್ರ ಸರ್ಕಾರಿ ಆಸ್ಪತ್ರೆಗಳಿಗೆ ಹೋಗಿದ್ದವು. ಉಳಿದದ್ದೆಲ್ಲ ಬಹುಮಟ್ಟಿಗೆ ಖಾಸಗಿ. ಹೀಗಿರುವಾಗ ಖಾಸಗಿಯವರು ಬಾಗಿಲು ಹಾಕಿದರೆ ಆ ಜನವೆಲ್ಲ ಒಂದೇ ದಿನದಲ್ಲಿ ತಾಲ್ಲೂಕು ಆಸ್ಪತ್ರೆಯ ಚೀಟಿ ಕೌಂಟರಿನ ಮುಂದೆ ನಿಲ್ಲಬೇಕು. ರಾಮನಗರದ ಕಡೆಯವರು ಗಂಭೀರ ಕಾಯಿಲೆಗೆ ಬೆಂಗಳೂರಿನ ದಾರಿ ಹಿಡಿಯುವುದು ಹಳೆಯ ಪಾಡು. ಜಿಲ್ಲಾ ಕೇಂದ್ರಕ್ಕೆ ಬರಬೇಕಾದ ವೈದ್ಯಕೀಯ ಕಾಲೇಜು ಕನಕಪುರಕ್ಕೆ ಹೋಗುತ್ತದೆಂದು 2023ರ ಸೆಪ್ಟೆಂಬರಿನಲ್ಲಿ ರಾಮನಗರದಲ್ಲಿ ಬಂದ್ ನಡೆದದ್ದನ್ನು ನೆನೆದರೆ, ಒಂದು ದೊಡ್ಡ ಆಸ್ಪತ್ರೆಗಾಗಿ ಇಲ್ಲಿಯ ಜನ ಎಷ್ಟು ಹಂಬಲಿಸುತ್ತಾರೆಂಬುದು ಗೊತ್ತಾಗುತ್ತದೆ. ಒಂದೇ ಜಿಲ್ಲೆಯ ಎರಡು ಊರು ಒಂದು ಆಸ್ಪತ್ರೆಗೆ ಜಗಳವಾಡುವ ಸ್ಥಿತಿ ತಂದಿಟ್ಟ ಸರ್ಕಾರಗಳಿಗೆ, ಮುಷ್ಕರ ಹೂಡಿದ ವೈದ್ಯರನ್ನು ಮಾತ್ರ ನಿರ್ದಯಿಗಳೆನ್ನುವ ನೈತಿಕ ಹಕ್ಕು ಕಡಿಮೆ. ಖಾಸಗಿ ಮುಷ್ಕರವನ್ನು ಪ್ರಾಣಾಂತಿಕವಾಗಿಸಿದ್ದು ಸರ್ಕಾರಿ ಆರೋಗ್ಯ ವ್ಯವಸ್ಥೆಯ ಬಡತನ. ಆದರೆ ಆ ಬಡತನ ವೈದ್ಯರಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಬೇರೆ ಬಾಗಿಲಿಲ್ಲದವರ ಎದುರು ಇರುವ ಬಾಗಿಲನ್ನು ಮುಚ್ಚುವಾಗ ಅದು ಗೊತ್ತಿರುವುದು ಹೊಣೆಯನ್ನು ಹೆಚ್ಚಿಸುತ್ತದೆ.

ನೋವು ಮಾಡದ ಮುಷ್ಕರ ಮುಷ್ಕರವೇ ಅಲ್ಲ, ಯಾರಿಗೂ ತಟ್ಟದಿದ್ದರೆ ಯಾರೂ ಕೇಳುವುದಿಲ್ಲ ಎಂಬ ಆಕ್ಷೇಪ ಇಲ್ಲಿ ಏಳುತ್ತದೆ. ಇದಕ್ಕೆ ಉತ್ತರವನ್ನು ನಮ್ಮ ರಾಜ್ಯದ ವೈದ್ಯರೇ ಮೂರು ವರ್ಷದ ನಂತರ ಕೊಟ್ಟರು. 2020ರ ಸೆಪ್ಟೆಂಬರ್ 15ರಿಂದ ಕರ್ನಾಟಕ ಸರ್ಕಾರಿ ವೈದ್ಯಾಧಿಕಾರಿಗಳ ಸಂಘ ಅಸಹಕಾರ ಆರಂಭಿಸಿತು. ವೈದ್ಯಕೀಯ ಶಿಕ್ಷಣ ಇಲಾಖೆಯ ವೈದ್ಯರಿಗೆ ಸರಿಸಮಾನವಾದ ವೇತನ ಅವರ ಬೇಡಿಕೆ. ಕೋವಿಡ್ ಏರುತ್ತಿದ್ದ ಕಾಲ, ಅದಕ್ಕೆ ಸ್ವಲ್ಪ ಮುಂಚೆಯಷ್ಟೇ ನಂಜನಗೂಡಿನ ತಾಲ್ಲೂಕು ಆರೋಗ್ಯಾಧಿಕಾರಿಯ ಸಾವು ಅವರನ್ನೆಲ್ಲ ಕಲಕಿತ್ತು. ಆದರೂ ಅವರು ರೋಗಿಗಳನ್ನು ಬಿಡಲಿಲ್ಲ. ನಿಲ್ಲಿಸಿದ್ದು ವರದಿಗಳನ್ನು. ದಿನದಿನದ ಅಂಕಿಅಂಶ ಮೇಲಕ್ಕೆ ಕಳಿಸಲಿಲ್ಲ, ಸಭೆಗಳಿಗೆ ಹೋಗಲಿಲ್ಲ. ಪ್ರತಿ ಸಂಜೆ ಅಂಕಿಗಳ ಮೇಲೆಯೇ ನಿಂತಿದ್ದ ಆಡಳಿತಕ್ಕೆ ಇದು ನೇರವಾಗಿ ತಟ್ಟಿತು, ಸಚಿವರು ಮಾತುಕತೆಗೆ ಬಂದರು, ಭರವಸೆ ಸಿಕ್ಕಿ ಅಸಹಕಾರ ಕೆಲವೇ ದಿನಗಳಲ್ಲಿ ಮುಗಿಯಿತು. ಇದೂ ಕಳಂಕವಿಲ್ಲದ ದಾರಿಯೆಂದು ನಾನು ಹೇಳುವುದಿಲ್ಲ. ಸಾಂಕ್ರಾಮಿಕದ ಹೊತ್ತಿನಲ್ಲಿ ಅಂಕಿಅಂಶ ತಡವಾದರೆ ಆಮ್ಲಜನಕ, ಹಾಸಿಗೆ ಹಂಚುವವರ ಕಣ್ಣಿಗೆ ಪಟ್ಟಿ ಕಟ್ಟಿದಂತೆ. ಆದರೂ ಪೆಟ್ಟನ್ನು ಜಗಳದ ಎದುರಾಳಿಗೇ ಗುರಿಯಿಡುವ ಪ್ರಯತ್ನ ಅದರಲ್ಲಿ ಸ್ಪಷ್ಟವಾಗಿತ್ತು. ಜಾಗತಿಕ ವೈದ್ಯಕೀಯ ಸಂಘ 2012ರಲ್ಲಿ ಬ್ಯಾಂಕಾಕಿನಲ್ಲಿ ಅಂಗೀಕರಿಸಿದ ಹೇಳಿಕೆ, ವೈದ್ಯರ ಸಾಮೂಹಿಕ ಹೋರಾಟವನ್ನು ಒಪ್ಪುತ್ತಲೇ, ಸಾರ್ವಜನಿಕರಿಗಾಗುವ ಹಾನಿಯನ್ನು ಆದಷ್ಟು ತಗ್ಗಿಸಬೇಕು, ತುರ್ತು ಸೇವೆ ನಡೆಯುತ್ತಿರಬೇಕು ಎನ್ನುತ್ತದೆ. ಆ ಮಾತಿಗೆ 2020ರ ಸರ್ಕಾರಿ ವೈದ್ಯರು 2017ರ ಖಾಸಗಿ ವೈದ್ಯರಿಗಿಂತ ಹತ್ತಿರವಿದ್ದರು.

ವೈದ್ಯನೂ ದುಡಿಯುವ ಮನುಷ್ಯ, ಅವನಿಗೆ ಮಾತ್ರ ತ್ಯಾಗದ ಪಾಠ ಏಕೆ ಎಂಬ ಮಾತನ್ನು ಹಗುರಾಗಿ ತಳ್ಳಿಹಾಕಲಾಗದು. 2019ರ ನವೆಂಬರ್ 1ರಂದು ಬೆಂಗಳೂರಿನ ಮಿಂಟೊ ಕಣ್ಣಾಸ್ಪತ್ರೆಯಲ್ಲಿ ಕಿರಿಯ ವೈದ್ಯರ ಮೇಲೆ ಹಲ್ಲೆಯಾಯಿತು. ಅದೇ ವರ್ಷದ ಜುಲೈನಲ್ಲಿ ಅಲ್ಲಿ ಪೊರೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಹಲವರು ಸೋಂಕಿನಿಂದ ದೃಷ್ಟಿ ಕಳೆದುಕೊಂಡಿದ್ದರು, ಅವರಿಗೆ ನ್ಯಾಯ ಕೇಳಲು ಬಂದ ಹೋರಾಟಗಾರರು ಆ ಸೋಂಕಿಗೆ ಹೊಣೆಯಲ್ಲದ ಕಿರಿಯರ ಮೇಲೆ ಕೈಮಾಡಿದರೆಂಬುದು ದೂರು. ಸ್ಥಾನಿಕ ವೈದ್ಯರು ಕೆಲಸ ಬಿಟ್ಟು ಕುಳಿತರು, ನವೆಂಬರ್ 8ರಂದು ರಾಜ್ಯದ ಖಾಸಗಿ ಒಪಿಡಿಗಳೂ ಬಂದ್ ಆದವು. 2024ರ ಆಗಸ್ಟಿನಲ್ಲಿ ಕೋಲ್ಕತ್ತದ ಆರ್.ಜಿ. ಕರ್ ಆಸ್ಪತ್ರೆಯ ಯುವ ವೈದ್ಯೆಯ ಅತ್ಯಾಚಾರ, ಕೊಲೆಯ ನಂತರ 17ರಂದು ದೇಶವ್ಯಾಪಿ ಒಂದು ದಿನ ವೈದ್ಯರು ಹೊರರೋಗಿ ಸೇವೆ ನಿಲ್ಲಿಸಿದರು. ಈ ಎರಡನ್ನೂ 2017ರ ಜತೆ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಕೆಲಸದ ಜಾಗದಲ್ಲಿ ಮೈ ಉಳಿಸಿಕೊಳ್ಳುವ ಹಕ್ಕು ರೋಗಿಯ ಹಿತಕ್ಕೆ ಎದುರಾದದ್ದಲ್ಲ. ಹೆದರಿದ ವೈದ್ಯ ಒಳ್ಳೆಯ ಚಿಕಿತ್ಸೆ ಕೊಡಲಾರ, ಅಪಾಯದ ರೋಗಿಯನ್ನು ಮುಟ್ಟದೆ ಬೆಂಗಳೂರಿಗೆ ಕಳಿಸಿಬಿಡುತ್ತಾನೆ. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಿಂಸೆ ತಡೆಯಲು ರಾಜ್ಯದಲ್ಲಿ 2009ರಿಂದಲೇ ಕಾಯ್ದೆಯಿದ್ದೂ ಹಲ್ಲೆ ನಿಲ್ಲದಿದ್ದಾಗ ಒಂದು ದಿನದ, ಮುಂಚಿತವಾಗಿ ತಿಳಿಸಿದ, ತುರ್ತು ವಿಭಾಗ ತೆರೆದಿಟ್ಟ ಮುಷ್ಕರವನ್ನು ನಾನು ಖಂಡಿಸಲಾರೆ. ಆದರೆ ಆದಾಯದ ಮೇಲೆ ಬೀಳುವ ನಿಯಂತ್ರಣದ ವಿರುದ್ಧ ಹೂಡಿದ, ಎಷ್ಟು ದಿನವೆಂದು ಹೇಳದ ಮುಷ್ಕರ ಬೇರೆ.

1962ರಲ್ಲಿ ಕೆನಡಾದ ಸಸ್ಕಾಚುವಾನ್ ಪ್ರಾಂತ್ಯದಲ್ಲಿ ನಡೆದದ್ದು ನಮ್ಮ ನವೆಂಬರಿಗೆ ಹತ್ತಿರದ ಪೂರ್ವಕಥೆ. ಎಲ್ಲರಿಗೂ ಸರ್ಕಾರಿ ಆರೋಗ್ಯ ವಿಮೆ ಎಂಬ ಕಾನೂನು ಜುಲೈ 1ರಂದು ಜಾರಿಯಾದಾಗ ಅಲ್ಲಿಯ ವೈದ್ಯರು ತಮ್ಮ ಸ್ವಾತಂತ್ರ್ಯ ಹೋಯಿತೆಂದು ಕೆಲಸ ನಿಲ್ಲಿಸಿದರು. ಆಯ್ದ ಆಸ್ಪತ್ರೆಗಳಲ್ಲಿ ತುರ್ತು ಸೇವೆ ಮಾತ್ರ ಇತ್ತು. ಸರ್ಕಾರ ಬ್ರಿಟನ್ನಿನಿಂದ ವೈದ್ಯರನ್ನು ಕರೆಸಿತು. ಮೂರು ವಾರ ಕಳೆದು 23ರಂದು ಒಪ್ಪಂದವಾಯಿತು. ವೈದ್ಯರು ಕೆಲವು ರಿಯಾಯಿತಿ ಪಡೆದರು, ವಿಮೆ ಉಳಿಯಿತು, ಕೆಲವೇ ವರ್ಷಗಳಲ್ಲಿ ಇಡೀ ಕೆನಡಾಕ್ಕೆ ಹಬ್ಬಿತು. ಅಂದು ಭಯಪಟ್ಟಂತೆ ಅಲ್ಲಿಯ ವೈದ್ಯವೃತ್ತಿ ಮುಳುಗಲಿಲ್ಲ. ನಮ್ಮಲ್ಲಿ ಉಲ್ಟಾ ಆಯಿತು. ನಿಯಂತ್ರಣ ಸಡಿಲವಾಯಿತು, ಸರ್ಕಾರಿ ಆಸ್ಪತ್ರೆಗಳನ್ನೂ ಸೇರಿಸಿ ಎಂಬ ವೈದ್ಯರ ನ್ಯಾಯವಾದ ಬೇಡಿಕೆ ಈಡೇರಲಿಲ್ಲ. ಜೈಲಿನ ಮಾತು, ದರದ ಮಾತು ಮುಂದೆ ಬಂದು, ಎಲ್ಲ ರೋಗಿಗಳಿಗೂ ಉಪಯೋಗವಾಗಬಹುದಾಗಿದ್ದ ಒಂದೇ ಬೇಡಿಕೆ ಹಿಂದೆ ಸರಿಯಿತು. ಸಣ್ಣ ನರ್ಸಿಂಗ್ ಹೋಂಗಳ ನಿಜವಾದ ಭಯವನ್ನು ಗುರಾಣಿ ಮಾಡಿಕೊಂಡು ದೊಡ್ಡ ಆಸ್ಪತ್ರೆಗಳು ತಮ್ಮ ದರಪಟ್ಟಿಯನ್ನು ಉಳಿಸಿಕೊಂಡವು ಎಂದರೆ ಅತಿಯಾಗಲಾರದು. ಬೇರೆ ದಾರಿ ಇತ್ತೇ ಎಂಬ ಪ್ರಶ್ನೆಯನ್ನೂ ಇಲ್ಲಿಯೇ ಕೇಳಬೇಕು. ಮಸೂದೆ ಜಂಟಿ ಸಮಿತಿಯ ಮುಂದಿತ್ತು, ಅಲ್ಲಿ ವೈದ್ಯರು ತಮ್ಮ ಮಾತು ಹೇಳಿಕೊಳ್ಳಬಹುದಿತ್ತು. ಶಾಸಕರಲ್ಲಿ, ಸಚಿವರಲ್ಲಿ ಆಸ್ಪತ್ರೆ ನಡೆಸುವವರೇ ಇದ್ದರು. ನ್ಯಾಯಾಲಯದ ದಾರಿ ತೆರೆದಿತ್ತು. ಇಷ್ಟೆಲ್ಲ ಇದ್ದವರು ಕೊನೆಯ ಅಸ್ತ್ರವನ್ನು ಬೇಗನೆ ಎತ್ತಿಕೊಂಡರು.

ಇದರ ಪಕ್ಕದಲ್ಲಿ ಆಶಾ ಕಾರ್ಯಕರ್ತೆಯರನ್ನು ಇಟ್ಟು ನೋಡಬೇಕು. ಸಾವಿರ ಜನಕ್ಕೊಬ್ಬರಂತೆ, ರಾಜ್ಯದಲ್ಲಿ ಸುಮಾರು 42 ಸಾವಿರ ಹೆಣ್ಣುಮಕ್ಕಳು. ಬಸುರಿಯನ್ನು ಆಸ್ಪತ್ರೆಗೆ ಕರೆದೊಯ್ಯುವುದು, ಮಗುವಿನ ಲಸಿಕೆಯ ದಿನ ನೆನಪಿಸುವುದು, ಕ್ಷಯದ ಮಾತ್ರೆ ನುಂಗಿಸುವುದು ಇವರ ಕೆಲಸ. ಕಾನೂನಿನ ಕಣ್ಣಿನಲ್ಲಿ ಇವರು ನೌಕರರೇ ಅಲ್ಲ, ಸ್ವಯಂಸೇವಕಿಯರು. ಕೋವಿಡ್ ಕಾಲದಲ್ಲಿ ಮನೆಮನೆಗೆ ಹೋದ ಇವರ ಮೇಲೆ ಬೆಂಗಳೂರಿನಲ್ಲಿ ಹಲ್ಲೆಗಳಾದವು. 2020ರ ಜುಲೈ 10ರಿಂದ ತಿಂಗಳಿಗೆ 12 ಸಾವಿರ ರೂಪಾಯಿ ಖಾತರಿ ಗೌರವಧನಕ್ಕಾಗಿ ಅವರು ಕೆಲಸ ನಿಲ್ಲಿಸಿದರು. ಸಾಂಕ್ರಾಮಿಕದ ನಡುವೆ ಮುಷ್ಕರವೇ ಎಂದು ಕೇಳಿದವರಿದ್ದರು. ಆದರೆ ಅದಕ್ಕೆ ಮೊದಲು ಜನವರಿಯಲ್ಲಿ ಬೆಂಗಳೂರಿಗೆ ಬಂದು ಮೆರವಣಿಗೆ ಮಾಡಿದಾಗ ಅವರ ಮಾತನ್ನು ಕೇಳಿದವರೆಷ್ಟು ಮಂದಿ? 2025ರ ಜನವರಿಯಲ್ಲಿ ಮತ್ತೆ ಫ್ರೀಡಂ ಪಾರ್ಕಿನ ಚಳಿಯಲ್ಲಿ ರಾತ್ರಿ ಹಗಲು ಕುಳಿತ ಮೇಲೆ 10 ಸಾವಿರದ ಭರವಸೆ ಸಿಕ್ಕಿತು. ಅವರ ಮುಷ್ಕರದಿಂದಲೂ ಒಬ್ಬ ಬಸುರಿಗೆ, ಒಂದು ಮಗುವಿಗೆ ತೊಂದರೆಯಾಗುತ್ತದೆ. ಆದರೆ ಅವರಿಗೆ ಶಾಸನಸಭೆಯೊಳಗೆ ನೆಂಟರಿಲ್ಲ, ವಕೀಲರಿಗೆ ಕೊಡಲು ಹಣವಿಲ್ಲ, ನೌಕರರೆಂಬ ಹೆಸರೇ ಇಲ್ಲದ್ದರಿಂದ ಕಾರ್ಮಿಕ ನ್ಯಾಯಾಲಯದ ಮೆಟ್ಟಿಲು ಹತ್ತುವುದೂ ಕಷ್ಟ. ನನ್ನ ಅಳತೆಗೋಲಿನ ಮೂರನೆಯ ಗುರುತಿಗೆ ಬಂದಾಗ ಅವರ ಮುಷ್ಕರ ಗಟ್ಟಿಯಾಗಿ ನಿಲ್ಲುತ್ತದೆ, 2017ರ ಮುಷ್ಕರ ಬೀಳುತ್ತದೆ.

ಹಾಗಿದ್ದರೆ ಅಗತ್ಯ ಸೇವೆಗಳ ನಿರ್ವಹಣಾ ಕಾಯ್ದೆ (ಎಸ್ಮಾ) ಜಾರಿ ಮಾಡಿ ಎಲ್ಲವನ್ನೂ ನಿಷೇಧಿಸಿಬಿಡಿ ಎನ್ನುವವರಿದ್ದಾರೆ. ತಮಿಳುನಾಡಿನ ರಂಗರಾಜನ್ ಪ್ರಕರಣದಲ್ಲಿ 2003ರಲ್ಲಿ ಸುಪ್ರೀಂ ಕೋರ್ಟ್, ಸರ್ಕಾರಿ ನೌಕರರಿಗೆ ಮುಷ್ಕರದ ಹಕ್ಕಿಲ್ಲವೆಂದೇ ಹೇಳಿತು. ಆದರೂ ಮುಷ್ಕರಗಳು ನಿಂತಿಲ್ಲ, ನಿಲ್ಲುವುದೂ ಇಲ್ಲ, ಏಕೆಂದರೆ ಬಾಯಿ ಕಟ್ಟಿದ ಮಾತ್ರಕ್ಕೆ ಹಸಿವು ಹೋಗುವುದಿಲ್ಲ. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಆಸ್ಪತ್ರೆಗಳನ್ನು ಅತ್ಯಗತ್ಯ ಸೇವೆಯೆಂದು ಗುರುತಿಸಿ, ಅಲ್ಲಿ ಮುಷ್ಕರವನ್ನು ನಿರ್ಬಂಧಿಸಬಹುದೆಂದು ಒಪ್ಪುತ್ತದೆ. ಆದರೆ ಹಾಗೆ ನಿರ್ಬಂಧಿಸುವಾಗ ಪಕ್ಷಪಾತವಿಲ್ಲದ, ತ್ವರಿತವಾದ ಸಂಧಾನ ಮತ್ತು ಪಂಚಾಯ್ತಿಯ ಏರ್ಪಾಡನ್ನು ಬದಲಿಗೆ ಕೊಡಬೇಕೆಂಬುದು ಅದರ ಷರತ್ತು. ಕರ್ನಾಟಕ ಮೊದಲ ಅರ್ಧವನ್ನು ಎತ್ತಿಕೊಂಡು ಎರಡನೆಯದನ್ನು ಕೈಬಿಟ್ಟಿದೆ. ಆರೋಗ್ಯ ಸಿಬ್ಬಂದಿ ದೂರು ಕೊಟ್ಟರೆ ಇಷ್ಟು ದಿನದೊಳಗೆ ಕೇಳಿ ತೀರ್ಪು ಕೊಡುವ, ಸರ್ಕಾರವೂ ತಲೆಬಾಗಬೇಕಾದ ಒಂದು ಸ್ವತಂತ್ರ ಮಂಡಳಿ ಇದ್ದಿದ್ದರೆ 2017ರ ವೈದ್ಯರ ಅರ್ಧದಷ್ಟು ತಕರಾರು ಬೆಳಗಾವಿಯ ತನಕ ಹೋಗುತ್ತಿರಲಿಲ್ಲ. ಆಶಾ ಕಾರ್ಯಕರ್ತೆಯರು ಮೂರು ನಾಲ್ಕು ಸಲ ಬೀದಿಗೆ ಬರಬೇಕಾಗಿರಲಿಲ್ಲ. ಇದರ ಜತೆಗೆ, ಮುಷ್ಕರ ಹೂಡುವ ಮೊದಲೇ ಯಾವ ತಾಲ್ಲೂಕಿನಲ್ಲಿ ಯಾವ ಆಸ್ಪತ್ರೆ ತೆರೆದಿರುತ್ತದೆ, ಡಯಾಲಿಸಿಸ್ ಎಲ್ಲಿ, ಹೆರಿಗೆ ಎಲ್ಲಿ, ಎದೆನೋವಿಗೆ ಇಸಿಜಿ ಎಲ್ಲಿ ಎಂಬ ಪಟ್ಟಿಯನ್ನು ಜಿಲ್ಲಾ ಆರೋಗ್ಯಾಧಿಕಾರಿಯ ಕೈಗಿತ್ತು, ಗ್ರಾಮ ಪಂಚಾಯ್ತಿ ಕಟ್ಟೆಯಲ್ಲಿ ಅಂಟಿಸುವ ಹೊಣೆಯನ್ನು ವೈದ್ಯರ ಸಂಘಗಳು ತಾವಾಗಿಯೇ ಹೊರಬಹುದು. ಅದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಮುಂದಿನ ಮುಷ್ಕರದ ನೋಟಿಸಿನ ಜತೆ ಇನ್ನೊಂದು ಹಾಳೆ ಲಗತ್ತಿಸಿದರೆ ಸಾಕು.